ರೈಲುಡಬ್ಬಿ ಕಂಡವರು, ಅಡುಗೆಮನೆ ಕಾಣದವರು

ಜಪಾನಿನ ನಟಿ ತೆತ್ಸುಕೊ ಕುರೊಯಾನಗಿ ತನ್ನ ಬಾಲ್ಯದ ಶಾಲೆಯನ್ನು ನೆನೆದು ಬರೆದ ‘ತೊತ್ತೊಚಾನ್’ 1981ರಲ್ಲಿ ಪುಸ್ತಕವಾಗಿ ಬಂತು. ಮರುವರ್ಷವೇ ಇಂಗ್ಲಿಷಿಗೆ ಹೋಯಿತು. ಮುಂದೆ ನ್ಯಾಷನಲ್ ಬುಕ್ ಟ್ರಸ್ಟ್ ಅದನ್ನು ಕನ್ನಡವೂ ಸೇರಿದಂತೆ ನಮ್ಮ ಹಲವು ಭಾಷೆಗಳಿಗೆ ತಂದಿತು. ಶಿಕ್ಷಣದ ಬಗ್ಗೆ ಕಾಳಜಿಯುಳ್ಳ ಕನ್ನಡದ ಓದುಗರಲ್ಲಿ ಇದರ ಹೆಸರು ಕೇಳದವರು ಕಡಿಮೆ. ಆದರೆ ಓದಿದವರನ್ನು ಏನು ನೆನಪಿದೆಯೆಂದು ಕೇಳಿದರೆ, ಹತ್ತರಲ್ಲಿ ಒಂಬತ್ತು ಮಂದಿ ಹೇಳುವುದು ರೈಲುಡಬ್ಬಿಗಳನ್ನು. ತೊಮೊಯೆ ಶಾಲೆಯ ತರಗತಿಗಳು ನಡೆಯುತ್ತಿದ್ದುದು ಓಡಾಟ ನಿಲ್ಲಿಸಿದ ಹಳೆಯ ರೈಲುಡಬ್ಬಿಗಳಲ್ಲಿ. ಈ ಚಿತ್ರ ಎಷ್ಟು ಮೋಹಕವೆಂದರೆ ಅದು ಪುಸ್ತಕದ ಉಳಿದೆಲ್ಲವನ್ನೂ ಮರೆಸಿಬಿಡುತ್ತದೆ. ಶಾಲೆಯ ಗೋಡೆಗೆ ರೈಲಿನಂತೆ ಬಣ್ಣ ಬಳಿಸುವುದು ನಮ್ಮಲ್ಲೂ ರೂಢಿಯಾಗಿದೆ. ಬಾಗಿಲು ಇರುವಲ್ಲಿ ಬೋಗಿಯ ಬಾಗಿಲು, ಕಿಟಕಿ ಇರುವಲ್ಲಿ ಬೋಗಿಯ ಕಿಟಕಿ. ನೋಡಲು ಚೆಂದ. ಒಳಗೆ ಪಾಠ ಮಾತ್ರ ಹಿಂದೆ ಹೇಗಿತ್ತೋ ಹಾಗೇ ನಡೆಯುತ್ತಿರುತ್ತದೆ.

ಈ ಪುಸ್ತಕವನ್ನು ಹೊಸ ಬೋಧನಾಕ್ರಮವೊಂದರ ಜಾಹೀರಾತಿನಂತೆ ಓದುವುದರಲ್ಲಿ ಏನೋ ತಪ್ಪುತ್ತಿದೆ ಎಂದು ನಮಗೆ ಅನಿಸುತ್ತ ಬಂದಿದೆ. ವಿಷಯಗಳನ್ನು ಮಗು ತನಗೆ ಬೇಕಾದ ಕ್ರಮದಲ್ಲಿ ಕಲಿಯುವುದು, ಮಧ್ಯಾಹ್ನ ನಡೆದಾಡಲು ಹೋಗುವುದು, ಲಯಕ್ಕೆ ಮೈ ಕುಣಿಸುವ ಪಾಠ ಇವೆಲ್ಲ ಅದರಲ್ಲಿ ಇವೆ, ನಿಜ. ಆದರೆ ನೆನಪಿನಿಂದ ಹೆಕ್ಕಿ ಬರೆದ ಈ ಸಣ್ಣ ಸಣ್ಣ ಅಧ್ಯಾಯಗಳು ಮತ್ತೆ ಮತ್ತೆ ಸುತ್ತುವುದು ಬೇರೊಂದು ಪ್ರಶ್ನೆಯನ್ನು: ತನ್ನ ಮೇಲೆ ದೂರು ಹೇಳಲಾರದ, ತನಗಾದ ನೋವಿಗೆ ಹೆಸರಿಡಲೂ ಬಾರದ ಒಂದು ಜೀವ ದಿನವಿಡೀ ನಮ್ಮ ಕೈಯಲ್ಲಿದ್ದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ? ಇದನ್ನು ವೃತ್ತಿಧರ್ಮದ ಪ್ರಶ್ನೆ ಎನ್ನಬೇಕು. ವೈದ್ಯರಿಗೆ, ವಕೀಲರಿಗೆ ಇಂಥದೊಂದು ಧರ್ಮವಿದೆಯೆಂದು ಜನ ಒಪ್ಪುತ್ತಾರೆ. ಎಲ್‌ಕೆಜಿ ಟೀಚರಿಗೂ ಅಂಗನವಾಡಿ ಕಾರ್ಯಕರ್ತೆಗೂ ಅದು ಇದೆಯೆಂದರೆ, ‘ಅಯ್ಯೋ, ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಅದೆಲ್ಲ ಯಾಕೆ, ಸ್ವಲ್ಪ ಪ್ರೀತಿ ಇದ್ದರೆ ಸಾಕು’ ಎಂಬ ಮಾತು ಬರುತ್ತದೆ. ಪ್ರೀತಿ ಸಾಕಾಗುವುದಿಲ್ಲ ಎಂಬುದಕ್ಕೆ ಪುರಾವೆ ಇದೇ ಪುಸ್ತಕದಲ್ಲಿದೆ.

ಮೊದಲಿಗೆ, ಎಲ್ಲರೂ ಖಳನಾಯಕಿಯೆಂದು ದಾಟಿಹೋಗುವ ಟೀಚರನ್ನು ನೋಡೋಣ. ತೊತ್ತೊಚಾನ್ ತೊಮೊಯೆಗೆ ಬರುವ ಮುಂಚೆ ಬೇರೊಂದು ಶಾಲೆಯ ಒಂದನೇ ತರಗತಿಯಿಂದ ಹೊರಹಾಕಿಸಿಕೊಂಡವಳು. ಆ ಶಾಲೆಯ ಟೀಚರು ತಾಯಿಯನ್ನು ಕರೆಸಿ ದೂರುಗಳ ಪಟ್ಟಿ ಕೊಡುತ್ತಾಳೆ. ಹುಡುಗಿ ಡೆಸ್ಕಿನ ಮುಚ್ಚಳವನ್ನು ನೂರು ಸಲ ತೆಗೆದು ಮುಚ್ಚುತ್ತಾಳೆ. ಕಿಟಕಿಯಲ್ಲಿ ನಿಂತು ಬೀದಿವಾದ್ಯದವರನ್ನು ಕೂಗಿ ಕರೆಯುತ್ತಾಳೆ. ಮಾಡಿನಡಿ ಗೂಡು ಕಟ್ಟುವ ಹಕ್ಕಿಗಳ ಜೊತೆ ಮಾತಿಗಿಳಿಯುತ್ತಾಳೆ. ಬಾವುಟದ ಚಿತ್ರ ಬರೆಯಹೋಗಿ ಅದರ ಅಂಚನ್ನು ಕಾಗದದಾಚೆ ಡೆಸ್ಕಿನ ಮೇಲೆಲ್ಲ ಬಳಿಯುತ್ತಾಳೆ. ಈ ಟೀಚರು ಹೊಡೆಯುವುದಿಲ್ಲ, ಸುಳ್ಳು ಹೇಳುವುದೂ ಇಲ್ಲ. ಅವಳು ಹೇಳಿದ್ದೆಲ್ಲ ನಡೆದದ್ದೇ. ಉಳಿದ ಮಕ್ಕಳ ಪಾಠ ಕೆಡುತ್ತದೆ ಎಂಬ ಅವಳ ಸಂಕಟವೂ ನಿಜವಾದದ್ದು.

ಹಾಗಾದರೆ ಅವಳು ತಪ್ಪಿದ್ದೆಲ್ಲಿ? ಆ ಪಟ್ಟಿಯನ್ನು ಮತ್ತೊಮ್ಮೆ ಓದಬೇಕು. ಅದರಲ್ಲಿ ಮಗು ಏನೇನು ಮಾಡಿತು ಎಂಬುದಿದೆ, ಯಾಕೆ ಮಾಡಿತು ಎಂಬುದು ಒಂದು ಕಡೆಯೂ ಇಲ್ಲ. ಮುಚ್ಚಳದ ಡೆಸ್ಕನ್ನು ಜೀವನದಲ್ಲಿ ಮೊದಲ ಸಲ ಕಂಡ ಖುಷಿಯಲ್ಲಿ ಮಗಳು ಮನೆಗೆ ಬಂದು ಕುಣಿದದ್ದು ತಾಯಿಗೆ ಗೊತ್ತು. ಟೀಚರಿಗೆ ಗೊತ್ತಿಲ್ಲ, ಏಕೆಂದರೆ ಅವಳು ಕೇಳಿಲ್ಲ. ನಮ್ಮ ನರ್ಸರಿಗಳ ಡೈರಿಗಳಲ್ಲಿ ಕೆಂಪು ಶಾಯಿಯಲ್ಲಿ ಬರುವ ಮಾತುಗಳೂ ಇದೇ ಜಾತಿಯವು: ಕೂರುವುದಿಲ್ಲ, ಬರೆಯುವುದಿಲ್ಲ, ತುಂಬಾ ಮಾತಾಡುತ್ತಾನೆ. ಅಪ್ಪ ಅಮ್ಮ ಅದನ್ನು ಓದಿ ಮಗುವಿಗೆ ಬಯ್ಯುತ್ತಾರೆ. ವರದಿ ಮಾಡಿದ್ದಾಯಿತು, ಕರ್ತವ್ಯ ಮುಗಿಯಿತು ಎಂದು ಟೀಚರು ನಿರಾಳರಾಗುತ್ತಾರೆ.

ಆದರೂ ಇಲ್ಲಿ ಲೇಖಕಿಯ ಜೊತೆ ನಮಗೊಂದು ತಕರಾರಿದೆ. ಆ ಮೊದಲ ಟೀಚರಿಗೆ ಪುಸ್ತಕ ನ್ಯಾಯ ಕೊಟ್ಟಿಲ್ಲ. ಅವಳ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಅವಳ ಮೇಲಿನವರು ಅವಳಿಂದ ಏನು ಕೇಳುತ್ತಿದ್ದರು, ಅವಳಿಗೆ ಹೇಳಿಕೊಳ್ಳಲು ಯಾರಿದ್ದರು ಎಂಬುದನ್ನು ನಾವು ತಿಳಿಯುವುದೇ ಇಲ್ಲ. ತೊಮೊಯೆಯಲ್ಲಿ ಇಡೀ ಶಾಲೆಗೆ ಇದ್ದದ್ದು ಐವತ್ತರಷ್ಟು ಮಕ್ಕಳು. ನಮ್ಮಲ್ಲಿ ಒಂದೇ ಕೋಣೆಯಲ್ಲಿ ಅಷ್ಟು ಮಕ್ಕಳನ್ನು ಒಬ್ಬಳೇ ಹಿಡಿದಿಡುವ ಹುಡುಗಿಯರಿದ್ದಾರೆ. ಪಿಯುಸಿ ಮುಗಿಸಿ, ಯಾವ ತರಬೇತಿಯೂ ಇಲ್ಲದೆ, ಮದುವೆಯಾಗುವ ತನಕ ಅಂತ ಸೇರಿಕೊಂಡವರು. ಅವರ ಸಂಬಳದ ಅಂಕಿಯನ್ನು ಇಲ್ಲಿ ಬರೆಯಲು ನಮಗೇ ನಾಚಿಕೆಯಾಗುತ್ತದೆ. ಅವರಿಗೆ ನೀತಿ ಹೇಳುವ ಮೊದಲು ಆ ಕೋಣೆಯನ್ನೊಮ್ಮೆ ಇಣುಕಿ ನೋಡಬೇಕು.

ಇನ್ನು ತೊಮೊಯೆಯ ಹೆಡ್‌ಮಾಸ್ಟರು ಸೊಸಾಕು ಕೊಬಯಾಶಿ. 1937ರಲ್ಲಿ ಟೋಕಿಯೋದ ಜಿಯುಗಾವೊಕಾದಲ್ಲಿ ಶಾಲೆ ಶುರು ಮಾಡಿದವರು. ಅದಕ್ಕೂ ಮೊದಲು ಯುರೋಪಿಗೆ ಹೋಗಿ ಡಾಲ್‌ಕ್ರೋಜ್ ಎಂಬ ಸಂಗೀತಗಾರನ ಲಯಶಿಕ್ಷಣವನ್ನು ಕಲಿತುಬಂದಿದ್ದರು. ತೊತ್ತೊಚಾನ್ ಬಂದ ಮೊದಲ ದಿನ ಅವರು ತಾಯಿಯನ್ನು ಮನೆಗೆ ಕಳಿಸಿ, ಕುರ್ಚಿ ಎಳೆದು ಹುಡುಗಿಯ ಎದುರು ಕೂತು, ನಿನಗೆ ಹೇಳಬೇಕೆನಿಸಿದ್ದನ್ನೆಲ್ಲ ಹೇಳು ಎನ್ನುತ್ತಾರೆ. ಹುಡುಗಿ ನಾಲ್ಕು ಗಂಟೆ ಮಾತಾಡುತ್ತಾಳೆ. ಮಾಸ್ತರು ಒಮ್ಮೆಯೂ ಆಕಳಿಸದೆ ಕೇಳುತ್ತಾರೆ. ಮಾತು ತೀರಿದ ಮೇಲೆ ತಲೆಯ ಮೇಲೆ ಕೈಯಿಟ್ಟು, ಈಗ ನೀನು ಈ ಶಾಲೆಯವಳು ಎನ್ನುತ್ತಾರೆ. ನಮ್ಮಲ್ಲಿ ಇದನ್ನು ಓದಿ ಕಣ್ಣೀರು ಹಾಕುವ ತಂದೆತಾಯಿಗಳೇ ಎರಡೂವರೆ ವರ್ಷದ ಮಗುವನ್ನು ‘ಇಂಟರ್‌ವ್ಯೂ’ಗೆ ತಯಾರು ಮಾಡುತ್ತಾರೆ. ಬಣ್ಣಗಳ ಹೆಸರು, ಹಣ್ಣುಗಳ ಹೆಸರು, ಅಪ್ಪನ ಕೆಲಸ. ಅಲ್ಲಿ ಮಗು ಮಾತಾಡಬೇಕಾದದ್ದು ಎರಡು ನಿಮಿಷ, ಅದೂ ಇಂಗ್ಲಿಷಿನಲ್ಲಿ. ಅಳಲು ಶುರುಮಾಡಿದರೆ ಸೀಟು ಹೋಯಿತು.

ಇದು ಕಾನೂನಿನ ಪ್ರಕಾರ ನಡೆಯಬಾರದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಜಾಲಾಡಿ ಆರಿಸುವುದನ್ನು ನಿಷೇಧಿಸುತ್ತದೆ. 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ ಆ ಕಾಯ್ದೆಯ ಲೆಕ್ಕದಲ್ಲಿ ‘ಮಗು’ ಎಂದರೆ ಆರರಿಂದ ಹದಿನಾಲ್ಕು ವರ್ಷದವರು. ಆರರ ಕೆಳಗಿನವರಿಗೆ ಸರಕಾರ ವ್ಯವಸ್ಥೆ ಮಾಡಬಹುದು ಎಂಬ ಒಂದು ಮೃದುವಾದ ಮಾತು 11ನೇ ಕಲಮಿನಲ್ಲಿದೆ, ಅಷ್ಟೆ. 2002ರ ಸಂವಿಧಾನ ತಿದ್ದುಪಡಿಯೂ ಆರು ವರ್ಷದೊಳಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣವನ್ನು ಹಕ್ಕಾಗಿ ಬರೆಯದೆ ಸರಕಾರದ ಪ್ರಯತ್ನಕ್ಕೆ ಬಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಬುನಾದಿ ಹಂತವೆಂದು ಕರೆದಿದೆ. ಹೆಸರು ಬದಲಾದರೂ ಮೂರು ವರ್ಷದ ಮಗುವಿನ ಹಿಂದೆ ನಿಲ್ಲುವ ಕಾಯ್ದೆ ಅದರಿಂದ ಹುಟ್ಟಿಲ್ಲ. ಬಾಯಿ ಬಾರದವರ ವಿಷಯದಲ್ಲಿ ಕಾನೂನೂ ಬಾಯಿ ಬಿಡುತ್ತಿಲ್ಲ. ಆದ್ದರಿಂದಲೇ ಈ ವಯಸ್ಸಿನ ಮಕ್ಕಳ ಮಟ್ಟಿಗೆ ಟೀಚರ ವೃತ್ತಿಧರ್ಮ ಎಂಬುದು ಅಲಂಕಾರದ ಮಾತಾಗಿ ಉಳಿಯುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ಮಗುವಿಗೆ ಇರುವ ರಕ್ಷಣೆ ಬಹುಪಾಲು ಅದೊಂದೇ.

ಊಟದ ಡಬ್ಬಿಯ ಪ್ರಸಂಗ ನಮ್ಮ ಕರಾವಳಿಯ ಓದುಗರಿಗೆ ವಿಶೇಷವಾಗಿ ಹಿಡಿಸೀತು. ಮಧ್ಯಾಹ್ನ ಹೆಡ್‌ಮಾಸ್ಟರು ಎಲ್ಲರ ಡಬ್ಬಿಯನ್ನೂ ನೋಡುತ್ತ ಬರುತ್ತಾರೆ. ಸಮುದ್ರದ್ದು ಒಂದಿಷ್ಟು, ಗುಡ್ಡದ್ದು ಒಂದಿಷ್ಟು ಇದೆಯೇ ಎಂಬುದಷ್ಟೇ ಅವರ ವಿಚಾರಣೆ. ಅವರ ಹಿಂದೆ ಹೆಂಡತಿ ಎರಡು ಪಾತ್ರೆ ಹಿಡಿದು ಬರುತ್ತಾಳೆ. ಯಾರ ಡಬ್ಬಿಯಲ್ಲಿ ಯಾವುದು ಇಲ್ಲವೋ ಅದನ್ನು ಒಂದು ತುಂಡು ಹಾಕುತ್ತಾಳೆ. ಸಮತೋಲ ಆಹಾರ, ಪ್ರೊಟೀನು, ವಿಟಮಿನ್ ಎಂದು ತಾಯಂದಿರಿಗೆ ಚೀಟಿ ಕಳಿಸಿದ್ದರೆ ಬಡವರ ಮನೆಯ ಅಡುಗೆಗೆ ಅವಮಾನವಾಗುತ್ತಿತ್ತು. ಕಡಲು ಮತ್ತು ಗುಡ್ಡ ಎಂದಾಗ ಒಣಮೀನಿನ ಒಂದು ಚೂರು, ಹರಿವೆಸೊಪ್ಪಿನ ಒಂದು ಪಲ್ಯವಿದ್ದರೂ ಲೆಕ್ಕ ಸರಿಹೋಗುತ್ತದೆ. ಇನ್ನೊಬ್ಬರ ಡಬ್ಬಿಯೊಳಗೆ ಏನಿದೆಯೆಂದು ನೋಡುವ ಕುತೂಹಲ ಮಕ್ಕಳಿಗೆ ಇದ್ದೇ ಇರುತ್ತದೆ. ಅದನ್ನು ಮಾಸ್ತರು ಗೇಲಿಯ ಕಡೆಗೆ ಹೋಗಲು ಬಿಡದೆ ಭೂಗೋಳದ ಕಡೆಗೆ ತಿರುಗಿಸಿದರು.

ನಮ್ಮಲ್ಲಿ ಡಬ್ಬಿ ತೆರೆದಾಗ ಏನಾಗುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಮಾಂಸ ಮೊಟ್ಟೆ ತರಬೇಡಿ ಎಂದು ಸುತ್ತೋಲೆ ಕಳಿಸುವ ನರ್ಸರಿಗಳಿವೆ. ಸುತ್ತೋಲೆ ಇಲ್ಲದ ಕಡೆ ಮೂಗು ಮುಚ್ಚಿಕೊಳ್ಳುವ ಒಂದು ಸನ್ನೆ ಸಾಕಾಗುತ್ತದೆ. 2021ರ ಡಿಸೆಂಬರಿನಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಎಷ್ಟು ದೊಡ್ಡವರು ಎಷ್ಟೆಲ್ಲ ಮಾತಾಡಿದರು ಎಂಬುದು ನೆನಪಿದೆ. ಬೇಡದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡೂ ಅದರಲ್ಲೇ ಇತ್ತು. ಆ ಗದ್ದಲದಲ್ಲಿ ಮಕ್ಕಳ ರಕ್ತಹೀನತೆಯ ಮಾತು ಬಂದದ್ದು ಕಡಿಮೆ. ನಾಲ್ಕು ವರ್ಷದ ಮಗುವಿಗೆ ತನ್ನ ಅಮ್ಮ ಕೊಟ್ಟ ಊಟ ಹೊಲಸೆಂದು ಕಲಿಸಿದವರು ಅದಕ್ಕೆ ಅಮ್ಮನೇ ಹೊಲಸೆಂದು ಕಲಿಸಿದಂತೆ. ಆ ವಯಸ್ಸಿನಲ್ಲಿ ಊಟ ಬೇರೆ, ಅಮ್ಮ ಬೇರೆ ಆಗಿರುವುದಿಲ್ಲ.

ಈಗ ಅಡುಗೆಮನೆಗೆ ಬರೋಣ. ಪುಸ್ತಕದ ನೈತಿಕ ಕೇಂದ್ರ ಇಲ್ಲಿದೆ ಎಂಬುದು ನಮ್ಮ ವಾದ. ತೊಮೊಯೆಯಲ್ಲಿ ತಕಹಾಶಿ ಎಂಬ ಹುಡುಗನಿದ್ದ. ಕೈಕಾಲು ಗಿಡ್ಡ. ಮುಂದೆ ಬೆಳೆಯುವುದಿಲ್ಲವೆಂಬುದು ಅವನಿಗೂ ಗೊತ್ತಿತ್ತು. ಒಂದು ದಿನ ತರಗತಿಯ ಟೀಚರು ಮನುಷ್ಯರಿಗೆ ಬಹಳ ಹಿಂದೆ ಬಾಲವಿತ್ತು ಎಂಬ ಸ್ವಾರಸ್ಯಕರ ಪಾಠ ಮಾಡುತ್ತಿದ್ದಳು. ಮಕ್ಕಳೆಲ್ಲ ನಗುತ್ತಿದ್ದರು. ಮಾತಿನ ಹುರುಪಿನಲ್ಲಿ ಅವಳು ತಕಹಾಶಿಯ ಕಡೆ ತಿರುಗಿ, ನಿನಗೆ ಇನ್ನೂ ಬಾಲ ಉಳಿದಿದೆಯೇ ಎಂದು ಕೇಳಿಬಿಟ್ಟಳು. ಹುಡುಗ ಎದ್ದುನಿಂತು ಗಂಭೀರವಾಗಿ, ಇಲ್ಲ ಎಂದ.

ಅಷ್ಟೆ. ಯಾರೂ ಅಳಲಿಲ್ಲ, ದೂರು ಬರಲಿಲ್ಲ. ಸಂಜೆ ತೊತ್ತೊಚಾನ್ ಹೆಡ್‌ಮಾಸ್ಟರ ಮನೆಯ ಅಡುಗೆಮನೆಯ ಪಕ್ಕ ಹಾದುಹೋಗುವಾಗ ಒಳಗಿನಿಂದ ಅವರ ದನಿ ಕೇಳಿಸುತ್ತದೆ. ಅವರು ಅಷ್ಟು ಸಿಟ್ಟಾದದ್ದನ್ನು ಅವಳು ಯಾವತ್ತೂ ಕೇಳಿಲ್ಲ. ಆ ಪ್ರಶ್ನೆಯನ್ನು ಯಾಕೆ ತಕಹಾಶಿಗೇ ಕೇಳಿದಿರಿ ಎಂಬುದು ಅವರ ಪ್ರಶ್ನೆ. ಟೀಚರು ಅಳುತ್ತ, ನನ್ನಿಂದ ತಪ್ಪಾಯಿತು ಎನ್ನುತ್ತಿದ್ದಾಳೆ.

ಈ ಟೀಚರು ಆ ಮೊದಲ ಶಾಲೆಯವಳಲ್ಲ. ತೊಮೊಯೆಯವಳು, ಮಕ್ಕಳ ಮೇಲೆ ಮಮತೆಯುಳ್ಳವಳು, ಹುಡುಗನನ್ನು ನೋಯಿಸುವ ಉದ್ದೇಶ ಕೂದಲೆಳೆಯಷ್ಟೂ ಇಲ್ಲದವಳು. ಪ್ರೀತಿ ಸಾಕಾಗುವುದಿಲ್ಲ ಎಂದು ನಾವು ಮೇಲೆ ಹೇಳಿದ್ದು ಇದಕ್ಕೇ. ಅವಳಿಗೆ ಕಡಿಮೆಬಿದ್ದದ್ದು ತರಬೇತಾದ ಎಚ್ಚರ. ಐವತ್ತು ಮಕ್ಕಳಲ್ಲಿ ಯಾವ ಮಗುವಿಗೆ ಯಾವ ಮಾತು ತಾಗೀತು ಎಂಬುದನ್ನು ಬಾಯಿ ತೆರೆಯುವ ಮೊದಲೇ ತಿಳಿದಿರಬೇಕಾದದ್ದು ಅವಳ ಕೆಲಸದ ಭಾಗ. ವೈದ್ಯನು ಮದ್ದು ಬರೆಯುವ ಮೊದಲು ರೋಗಿಗೆ ಯಾವುದು ಒಗ್ಗುವುದಿಲ್ಲವೆಂದು ಕೇಳುವ ಹಾಗೆ. ಉದ್ದೇಶ ಒಳ್ಳೆಯದಿತ್ತು ಎಂಬ ಸಮಜಾಯಿಷಿ ವೃತ್ತಿಯಲ್ಲಿ ನಡೆಯುವುದಿಲ್ಲ. ಕೊಬಯಾಶಿ ಅದನ್ನು ಒಪ್ಪಿಕೊಳ್ಳಲೂ ಇಲ್ಲ.

ಇನ್ನೊಂದು ಮಗ್ಗುಲು ನಮಗೆ ಇದಕ್ಕಿಂತಲೂ ಮುಖ್ಯವೆನಿಸುತ್ತದೆ. ಅವರು ಗದರಿದ್ದು ಅಡುಗೆಮನೆಯಲ್ಲಿ. ಬೇರೆ ಟೀಚರುಗಳು ಕೂತಿರುವ ಸ್ಟಾಫ್‌ರೂಮಿನಲ್ಲಿ ಗದರಿದ್ದರೆ ಅವರ ನ್ಯಾಯನಿಷ್ಠೆ ಊರಿಗೆಲ್ಲ ಗೊತ್ತಾಗುತ್ತಿತ್ತು. ತರಗತಿಯಲ್ಲೇ ಗದರಿದ್ದರೆ ತಕಹಾಶಿಯ ಗಾಯವನ್ನು ಎಲ್ಲರ ಎದುರು ಇನ್ನೊಮ್ಮೆ ಬಿಚ್ಚಿದ ಹಾಗಾಗುತ್ತಿತ್ತು. ಲೇಖಕಿ ದೊಡ್ಡವಳಾದ ಮೇಲೆ ಈ ಸ್ಥಳದ ಆಯ್ಕೆಯನ್ನೇ ಗುರುತಿಸಿ ಬರೆಯುತ್ತಾಳೆ. ಟೀಚರಿಗೆ ಮರ್ಯಾದೆಯಿದೆ. ಅದನ್ನು ಕಳೆಯದೆಯೂ ಅವಳ ತಪ್ಪನ್ನು ತಪ್ಪೆನ್ನಬಹುದು. ನಮ್ಮ ಶಾಲೆಗಳಲ್ಲಿ ಮ್ಯಾನೇಜ್‌ಮೆಂಟಿನವರು ಪಾಲಕರ ಎದುರೇ ಟೀಚರನ್ನು ಬಯ್ಯುತ್ತಾರೆ. ಆ ಟೀಚರು ಒಳಗೆ ಹೋಗಿ ಮಕ್ಕಳ ಮೇಲೆ ಹರಿಹಾಯುತ್ತಾಳೆ. ಅಧಿಕಾರ ಮೇಲಿನಿಂದ ಇಳಿಯುತ್ತ ಇಳಿಯುತ್ತ ಕೊನೆಗೆ ಬಂದು ಬೀಳುವುದು ಅತ್ಯಂತ ಚಿಕ್ಕವರ ಬೆನ್ನ ಮೇಲೆ.

2010ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಶಾಲಾ ಶಿಕ್ಷಕರಿಗಾಗಿ ಒಂದು ವೃತ್ತಿನೀತಿ ಸಂಹಿತೆಯನ್ನು ಹೊರತಂದಿತು. ಜಾತಿ, ಮತ, ಲಿಂಗ, ಅಂಗವೈಕಲ್ಯ, ಭಾಷೆಗಳ ಭೇದವಿಲ್ಲದೆ ಮಕ್ಕಳನ್ನು ಸಮನಾಗಿ ನೋಡಬೇಕೆಂಬುದು, ಮಗುವಿನ ಗುಟ್ಟಿನ ಮಾಹಿತಿಯನ್ನು ಕಂಡಕಂಡವರಿಗೆ ಹೇಳಬಾರದೆಂಬುದು ಅದರಲ್ಲಿದೆ. ತಕರಾರು ಮಾಡುವಂಥದ್ದೇನೂ ಇಲ್ಲ. ಕೊರತೆಯಿರುವುದು, ಓದಿದ ಯಾವ ಟೀಚರಿಗೂ ‘ಇದು ನನ್ನ ಬಗ್ಗೆ’ ಎಂದು ಅನಿಸದಿರುವಲ್ಲಿ. ಭೇದ ಮಾಡುವ ಟೀಚರಿಗೂ ತಾನು ಭೇದ ಮಾಡುತ್ತಿದ್ದೇನೆ ಎಂದು ಗೊತ್ತಿರುವುದಿಲ್ಲ. ಬಾಲದ ಪ್ರಶ್ನೆ ಕೇಳಿದವಳು ಈ ಸಂಹಿತೆಗೆ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದಳು. ತರಬೇತಿ ಕಾಲೇಜುಗಳಲ್ಲಿ ಸಂಹಿತೆಯ ಕಲಮುಗಳನ್ನು ಬಾಯಿಪಾಠ ಮಾಡಿಸುವ ಬದಲು ಈ ಎರಡು ಪುಟವನ್ನು ಓದಿಸಿ, ನಿಮ್ಮ ತರಗತಿಯ ತಕಹಾಶಿ ಯಾರು ಎಂದು ಕೇಳಿದರೆ ಹೆಚ್ಚು ಉಪಯೋಗವಾದೀತು.

ಹಾಗೆಂದು ಕೊಬಯಾಶಿಯವರನ್ನು ಪೂಜೆಗೆ ಕೂರಿಸಬೇಕಾಗಿಲ್ಲ. ತೊತ್ತೊಚಾನ್ ಚೆಂದದ ರಿಬ್ಬನ್ ಕಟ್ಟಿಕೊಂಡು ಬಂದಾಗ, ತನ್ನ ಮಗಳು ಅಂಥದ್ದೇ ಬೇಕೆಂದು ಪೀಡಿಸುತ್ತಿದ್ದಾಳೆ, ನೀನು ಶಾಲೆಗೆ ಇದನ್ನು ಕಟ್ಟದಿದ್ದರೆ ಉಪಕಾರವಾದೀತು ಎಂದು ಅವರು ಹುಡುಗಿಯನ್ನು ಕೇಳಿಕೊಳ್ಳುತ್ತಾರೆ. ಲೇಖಕಿಗೆ ಇದು ಸಮಾನತೆಯ ನಡೆಯಾಗಿ ಕಂಡಿದೆ. ನಮಗೆ ಓದುವಾಗ ಸ್ವಲ್ಪ ಇರಿಸುಮುರಿಸಾಗುತ್ತದೆ. ಹೆಡ್‌ಮಾಸ್ಟರು ಎಷ್ಟೇ ವಿನಯದಿಂದ ಕೇಳಿದರೂ ಆರೇಳು ವರ್ಷದ ಹುಡುಗಿ ಇಲ್ಲವೆನ್ನಲು ಸಾಧ್ಯವೇ? ಮೆಚ್ಚಿನ ದೊಡ್ಡವರಿಗೆ ಮಗು ಯಾವತ್ತೂ ಹೂಂ ಎನ್ನುತ್ತದೆ ಎಂಬುದನ್ನು ಅವರಂಥವರೂ ಒಂದು ಗಳಿಗೆ ಮರೆತಿರಬಹುದು.

ಪುಸ್ತಕದ ದೊಡ್ಡ ಮಿತಿ ಇದಲ್ಲ. ಮಸಾವೊ ಎಂಬ ಕೊರಿಯನ್ ಹುಡುಗನ ಅಧ್ಯಾಯದಲ್ಲಿ ಅದು ಕಾಣುತ್ತದೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಜಪಾನಿಗೆ ಬಂದು ದುಡಿಯುತ್ತಿದ್ದ ಕೊರಿಯನ್ನರು ತಾತ್ಸಾರದ ನಡುವೆ ಬದುಕುತ್ತಿದ್ದರು. ಮಸಾವೊ ತೊತ್ತೊಚಾನ್‌ಳ ಕಡೆ ನೋಡಿ ಸಿಟ್ಟಿನಿಂದ ‘ಕೊರಿಯನ್’ ಎಂದು ಕೂಗುತ್ತಾನೆ. ಅವಳಿಗೆ ಅರ್ಥವಾಗದೆ ಅಮ್ಮನಿಗೆ ಹೇಳುತ್ತಾಳೆ. ಅಮ್ಮನ ಕಣ್ಣು ತುಂಬುತ್ತದೆ. ಎಲ್ಲರೂ ಆ ಹುಡುಗನನ್ನು ಹಾಗೆಂದೇ ಕೂಗಿ ಕೂಗಿ, ಪಾಪ, ಅದೊಂದು ಬೈಗುಳ ಎಂದೇ ಅವನು ತಿಳಿದಿದ್ದಾನೆ. ಯಾರನ್ನಾದರೂ ಬಯ್ಯಬೇಕೆಂದಾಗ ಅವನಿಗೆ ಗೊತ್ತಿದ್ದ ಅತಿ ಕೆಟ್ಟ ಪದ ತನ್ನದೇ ಜನದ ಹೆಸರು.

ಇಡೀ ಪುಸ್ತಕದಲ್ಲಿ ನಮ್ಮನ್ನು ಅತಿಯಾಗಿ ಕಾಡಿದ್ದು ಈ ಪುಟ. ಕಾರಣ ಹೇಳಬೇಕಾಗಿಲ್ಲ. ತನ್ನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಕೂಗುವಾಗ ದನಿ ಬದಲಾಗುವುದನ್ನು ಗುರುತಿಸುವ ಮಗು ನಮ್ಮ ಮನೆಗಳಲ್ಲಿದೆ, ದಲಿತರ ಕೇರಿಗಳಲ್ಲಿದೆ. ಆದರೆ ಗಮನಿಸಬೇಕು: ಮಸಾವೊ ತೊಮೊಯೆಯ ವಿದ್ಯಾರ್ಥಿಯಲ್ಲ. ಅವನು ಬೀದಿಯಲ್ಲಿ ಎದುರಾಗುವವನು. ಅವನ ಗಾಯಕ್ಕೆ ಮುಲಾಮು ಹಚ್ಚುವ ಮಾತು ಬರುವುದೂ ಶಾಲೆಯಿಂದಲ್ಲ, ತೊತ್ತೊಚಾನ್‌ಳ ಮನೆಯಿಂದ. ಅದೂ ಅವನ ಕಿವಿಗೆ ಬೀಳುವುದಿಲ್ಲ. ಪೋಲಿಯೋ ಆದ ಯಾಸುವಾಕಿಗೆ, ಗಿಡ್ಡಕಾಲಿನ ತಕಹಾಶಿಗೆ ಜಾಗವಿದ್ದ ಆ ರೈಲಿನಲ್ಲಿ ಮಸಾವೊ ಹತ್ತಿರಲಿಲ್ಲ. ಲೇಖಕಿ ಇದರ ಬಗ್ಗೆ ಏನೂ ಹೇಳುವುದಿಲ್ಲ. ತೊಮೊಯೆಯ ಔದಾರ್ಯ ಶಾಲೆಯ ಬೇಲಿಯ ಒಳಗಿನ ಔದಾರ್ಯ. ಹಳೆಯ ರೈಲುಡಬ್ಬಿಯಲ್ಲಿ ಪಾಠ ಕೇಳಲು ಮಗುವನ್ನು ಕಳಿಸುವ ಧೈರ್ಯ ನಾಳಿನ ಅನ್ನದ ಚಿಂತೆಯಿಲ್ಲದ ಮನೆಗಳಿಗೆ ಇರುವಂಥದ್ದು.

2023ರ ಆಗಸ್ಟಿನಲ್ಲಿ ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ಹಳ್ಳಿಯೊಂದರ ಖಾಸಗಿ ಶಾಲೆಯಲ್ಲಿ, ಮಗ್ಗಿ ಕಲಿಯದ ಏಳು ವರ್ಷದ ಮುಸ್ಲಿಂ ಹುಡುಗನನ್ನು ನಿಲ್ಲಿಸಿ, ಸಹಪಾಠಿಗಳಿಂದ ಒಬ್ಬೊಬ್ಬರಾಗಿ ಕೆನ್ನೆಗೆ ಹೊಡೆಸಿದ ಟೀಚರ ವಿಡಿಯೋವನ್ನು ದೇಶವೇ ನೋಡಿತು. ಹುಡುಗನ ಧರ್ಮದ ಬಗ್ಗೆ ಆಡಿದ ಮಾತೂ ಅದರಲ್ಲಿತ್ತು. ಮಹಾತ್ಮ ಗಾಂಧಿಯವರ ಮರಿಮಗ ತುಷಾರ್ ಗಾಂಧಿ ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಾಲಯ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರವನ್ನು ಕಟುವಾಗಿ ಪ್ರಶ್ನಿಸಿತು. ಪೆಟ್ಟು ತಿಂದ ಹುಡುಗನಿಗಷ್ಟೇ ಅಲ್ಲದೆ ಹೊಡೆದ ಮಕ್ಕಳಿಗೂ ಆಪ್ತಸಲಹೆ ಕೊಡಿಸಬೇಕೆಂದು ಹೇಳಿತು. ಈ ಎರಡನೆಯ ಮಾತು ನಮ್ಮಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಆ ಮಕ್ಕಳ ಕೈಯನ್ನು ಬಳಸಿಕೊಂಡದ್ದೂ ಅವರಿಗೆ ಮಾಡಿದ ಅಪರಾಧವೇ. ಏಳು ವರ್ಷದವರಿಗೆ ಟೀಚರು ಹೇಳಿದ್ದು ಸರಿಯಾಗಿಯೇ ಇರುತ್ತದೆ.

ಇಲ್ಲಿ ಒಂದು ಮಾತನ್ನು ನಮ್ಮವರಿಗೂ ಹೇಳದಿದ್ದರೆ ಅಪ್ರಾಮಾಣಿಕವಾಗುತ್ತದೆ. ಹೊರಗಿನ ಟೀಚರು ನಮ್ಮ ಮಗುವನ್ನು ಹೀಯಾಳಿಸಿದಾಗ ಕೆರಳುವ ನಾವು, ನಮ್ಮವರೇ ನಡೆಸುವ ಇಂಗ್ಲಿಷ್ ಮೀಡಿಯಂ ನರ್ಸರಿಗಳಲ್ಲೂ ಮದರಸಗಳಲ್ಲೂ ಬೆತ್ತ ಗೋಡೆಗೆ ಒರಗಿ ನಿಂತಿರುವುದನ್ನು ಕಂಡೂ ಸುಮ್ಮನಿರುತ್ತೇವೆ. ಮನೆಯಲ್ಲಿ ಬ್ಯಾರಿಯನ್ನೋ ದಖನಿಯನ್ನೋ ಆಡುವ ಮಗು ಅದೇ ಮಾತನ್ನು ತರಗತಿಯಲ್ಲಿ ಆಡಿದರೆ ದಂಡ ಹಾಕುವ ಶಾಲೆಗಳಿಗೆ ದೇಣಿಗೆ ಕೊಡುತ್ತೇವೆ. ಮಸಾವೊನನ್ನು ತಯಾರು ಮಾಡುವ ಕೆಲಸವನ್ನು ಹೊರಗಿನವರಷ್ಟೇ ಮಾಡುತ್ತಿಲ್ಲ.

ಒಬ್ಬ ದೊಡ್ಡ ಮನುಷ್ಯನ ಮೇಲೆ ನಿಂತ ಶಾಲೆ ಅವನೊಂದಿಗೇ ಮುಗಿಯುತ್ತದೆ. ತೊಮೊಯೆ 1945ರ ಬಾಂಬುದಾಳಿಯಲ್ಲಿ ಸುಟ್ಟುಹೋಯಿತು. ಯುದ್ಧದ ನಂತರ ಕೊಬಯಾಶಿ ಅಲ್ಲಿ ಶಿಶುವಿಹಾರ ನಡೆಸಿದರು, ಸಂಗೀತ ಕಾಲೇಜಿನಲ್ಲಿ ಪಾಠ ಮಾಡಿದರು, 1963ರಲ್ಲಿ ತೀರಿಕೊಂಡರು. ಆ ಶಾಲೆ ಮತ್ತೆ ಏಳಲಿಲ್ಲ. ನಮ್ಮ ನೆಲದಲ್ಲೇ ಇದಕ್ಕೆ ಹೋಲಿಸಬಹುದಾದ ಇನ್ನೊಂದು ಪ್ರಯತ್ನ ನಡೆದಿತ್ತು. ಗಿಜುಭಾಯಿ ಬಧೇಕಾರ ಜೊತೆ ಭಾವನಗರದ ಬಾಲಮಂದಿರದಲ್ಲಿ ದುಡಿದ ತಾರಾಬಾಯಿ ಮೋಡಕ್ 1945ರಲ್ಲಿ ಬೊರ್ಡಿಗೆ ಬಂದು, ಮುಂದೆ ಅನುತಾಯಿ ವಾಘ್ ಜೊತೆ ಕೋಸಬಾಡದಲ್ಲಿ ಆದಿವಾಸಿ ಮಕ್ಕಳ ನಡುವೆ ನೆಲೆನಿಂತರು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂದು ಅವರು ಕಂಡುಕೊಂಡರು. ಅಂಗನವಾಡಿ ಎಂಬ ಮಾತಿನ ಬೇರು ಅಲ್ಲಿದೆ. ಅದು ಮಸಾವೊನನ್ನೂ ಹತ್ತಿಸಿಕೊಳ್ಳುವ ರೈಲಾಗಿತ್ತು.

1975ರಲ್ಲಿ ಸರಕಾರ ಆ ಹೆಸರನ್ನು ತೆಗೆದುಕೊಂಡು ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುಮಾಡಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂಗಳಕ್ಕೆ ಹೋದ ಆ ಹೆಂಗಸರನ್ನು ಮಾತ್ರ ನೌಕರರೆಂದು ಒಪ್ಪಲಿಲ್ಲ. ಅವರಿಗೆ ಕೊಡುವುದು ಸಂಬಳವಲ್ಲ, ‘ಗೌರವಧನ’. ಗೌರವವೂ ಇಲ್ಲದ, ಧನವೂ ಇಲ್ಲದ ಇಂಥ ಪದವನ್ನು ಯಾವ ಗುಮಾಸ್ತ ಹುಡುಕಿದನೋ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ತೀರ್ಪು ಕೊಡುವಷ್ಟರಲ್ಲಿ ಯೋಜನೆಗೆ 46 ವರ್ಷ ತುಂಬಿತ್ತು. ಆಹಾರ ಹಂಚುವುದು, ತೂಕ ಬರೆಯುವುದು, ಸಮೀಕ್ಷೆಗೆ ಓಡುವುದು, ಮೊಬೈಲಿನಲ್ಲಿ ಅಂಕಿ ತುಂಬುವುದು. ಇವುಗಳ ನಡುವೆ ಒಂದು ಮಗುವಿನ ಮಾತನ್ನು ನಾಲ್ಕು ಗಂಟೆಯಿರಲಿ, ನಾಲ್ಕು ನಿಮಿಷ ಕೇಳಲು ಅವರಿಗೆ ಬಿಡುವೆಲ್ಲಿದೆ? ವೃತ್ತಿಯೆಂದು ಒಪ್ಪದ ಕೆಲಸದಿಂದ ವೃತ್ತಿಧರ್ಮವನ್ನು ಕೇಳುವುದು ಯಾವ ನ್ಯಾಯ? ‘ತೊತ್ತೊಚಾನ್’ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಅದನ್ನು ಓದಿ ಮೆಚ್ಚುವ ನಮ್ಮ ಶಿಕ್ಷಣಪ್ರೇಮಿಗಳೂ ಎತ್ತುವುದು ಅಪರೂಪ.

ಲೇಖಕಿ ಕೊನೆಯ ಟಿಪ್ಪಣಿಯಲ್ಲಿ ಹೇಳುವ ಒಂದು ಸಂಗತಿ ಇವತ್ತಿಗೆ ತೀರಾ ಪ್ರಸ್ತುತ. ಕೊಬಯಾಶಿಗೆ ಪ್ರಚಾರ ಆಗುತ್ತಿರಲಿಲ್ಲ. ಶಾಲೆಯ ಚಿತ್ರಗಳನ್ನು ತೆಗೆಯಲೂ ಅವರು ಬಿಡುತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಅಂಥ ಶಾಲೆ ಉಳಿದುಕೊಂಡದ್ದಕ್ಕೆ ಅದೂ ಒಂದು ಕಾರಣವಿರಬೇಕು. ಈಗ ಮಗು ನರ್ಸರಿಯ ಮೆಟ್ಟಿಲು ಹತ್ತಿದ ಕ್ಷಣದಿಂದ ಅದರ ಫೋಟೋ ವಾಟ್ಸಪ್ ಗುಂಪುಗಳಲ್ಲಿ ಓಡಾಡುತ್ತದೆ. ಅದು ಅಳುವುದು, ಉಣ್ಣುವುದು, ವೇಷ ಹಾಕುವುದು ಎಲ್ಲವೂ. ಮೇ ತಿಂಗಳಲ್ಲಿ ಅದೇ ಮುಖ ಪ್ರವೇಶಾತಿಯ ಫ್ಲೆಕ್ಸಿನಲ್ಲಿ ಬಸ್ ಸ್ಟ್ಯಾಂಡಿನ ಎದುರು ನೇತಾಡುತ್ತದೆ. ಮಗುವಿನ ಒಪ್ಪಿಗೆ ಕೇಳುವುದು ಹೇಗೆ ಎಂದು ನಗುವವರಿದ್ದಾರೆ. ಕೇಳಲು ಆಗದು ಎಂಬುದೇ ತೆಗೆಯದಿರಲು ಸಾಕಷ್ಟು ಕಾರಣವೆಂದು ಆ ಹಳೆಯ ಮಾಸ್ತರಿಗೆ ಅನಿಸಿದ್ದೀತು. ಮಗಳನ್ನು ಮೊದಲ ಶಾಲೆಯಿಂದ ಹೊರಹಾಕಿದ್ದರು ಎಂಬುದನ್ನು ತೊತ್ತೊಚಾನ್‌ಳ ತಾಯಿ ಅವಳಿಗೆ ಇಪ್ಪತ್ತು ತುಂಬುವ ತನಕ ಹೇಳಲಿಲ್ಲ. ಇವತ್ತಾಗಿದ್ದರೆ ಆ ಸಂಜೆಯೇ ತರಗತಿಯ ಗುಂಪಿನಲ್ಲಿ ಹತ್ತು ಜನ ಚರ್ಚೆ ಮಾಡಿರುತ್ತಿದ್ದರು.

2023ರಲ್ಲಿ ಕುರೊಯಾನಗಿ ಈ ಪುಸ್ತಕದ ಎರಡನೆಯ ಭಾಗವನ್ನು ಹೊರತಂದರು. ಅದೇ ವರ್ಷ ಮೊದಲ ಪುಸ್ತಕ ಅನಿಮೇಷನ್ ಚಿತ್ರವಾಗಿಯೂ ಬಂತು. ಹೊಸ ಓದುಗರು ಬರುತ್ತಾರೆ, ಮತ್ತೆ ರೈಲುಡಬ್ಬಿಗಳನ್ನು ಕಂಡು ಹಿಗ್ಗುತ್ತಾರೆ. ಅವರು ಆ ಅಡುಗೆಮನೆಯ ಎರಡು ಪುಟವನ್ನು ನಿಧಾನವಾಗಿ ಓದಬೇಕೆಂಬುದು ನಮ್ಮ ಬಯಕೆ. ಅತ್ತುಕೊಂಡು ಮನೆಗೆ ಹೋದ ಆ ಟೀಚರು ಮರುದಿನ ಬೆಳಿಗ್ಗೆ ತರಗತಿಗೆ ಬಂದಾಗ ತಕಹಾಶಿಯ ಮುಖವನ್ನು ಹೇಗೆ ನೋಡಿದಳು, ಅವನ ಬಳಿ ಏನಾದರೂ ಹೇಳಿದಳೇ, ಅಥವಾ ಹೇಳಿದರೆ ಅವನಿಗೆ ಮತ್ತೆ ನೋವಾದೀತೆಂದು ಸುಮ್ಮನಾದಳೇ? ಪುಸ್ತಕ ಅದನ್ನು ತಿಳಿಸದೆ ಮುಂದಿನ ಅಧ್ಯಾಯಕ್ಕೆ ಹೋಗುತ್ತದೆ.